ಡಂಕನ್ ದಡ್ಡನಲ್ಲ: ಚಿಕ್ಕಮಗಳೂರಿನ ಒಂದು ‘ಮ್ಯಾಕ್‌ಬೆತ್’ ಪ್ರಕರಣ

ಚಿಕ್ಕಮಗಳೂರಿನ ಒಂದು ಹವ್ಯಾಸಿ ತಂಡ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡದಲ್ಲಿ ಆಡಿತು. ಮೊದಲ ಪ್ರದರ್ಶನ ಕೊಪ್ಪದಲ್ಲಿ. ಮೊದಲ ಅಂಕದ ಆರನೇ ದೃಶ್ಯದಲ್ಲಿ ರಾಜ ಡಂಕನ್ ತನ್ನ ಸೇನಾನಿಯ ಕೋಟೆಗೆ ಅತಿಥಿಯಾಗಿ ಬರುತ್ತಾನೆ. ಬಾಗಿಲಲ್ಲಿ ನಿಂತು, ಜಾಗ ಎಷ್ಟು ಚೆನ್ನಾಗಿದೆ, ಗಾಳಿ ಎಷ್ಟು ಹಿತವಾಗಿದೆ ಅನ್ನುತ್ತಾನೆ. ಅಲ್ಲಿಗೆ ಸಭಾಂಗಣ ಘೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ “ಓಡೋ ಮಾರಾಯ” ಅಂತ ಕೂಗಿದರು. ಮತ್ತೆ ನಗು. ಅದೇ ರಾತ್ರಿ ರಾಜ ಮಲಗಿದಲ್ಲೇ ಕೊಲೆಯಾದಾಗ ಯಾರ ಮುಖದಲ್ಲೂ ಏನೂ ಇರಲಿಲ್ಲ. ಪಕ್ಕದವರ ಹತ್ತಿರ ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತಿದ್ದವರೂ ಇದ್ದರು.

ನಾನು ಆ ತಂಡದವನಲ್ಲ. ಎರಡನೇ ಪ್ರದರ್ಶನಕ್ಕೆ ಮುಂಚೆ, ತಾಲೀಮಿನಲ್ಲಿ ಕೂತು ಪಠ್ಯದ ಬಗ್ಗೆ ಮಾತಾಡೋಕೆ ಕರೆದಿದ್ದರು. ಎಲ್ಲಿ ಏನು ಕೆಟ್ಟಿತು, ಏನು ಬದಲಾಯಿಸಿದರು, ಬದಲಾಯಿಸಿದ್ದರಿಂದ ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾಟಕದ ಹೆಸರುಗಳು ಬಿಟ್ಟರೆ ಬೇರೆ ಯಾರ ಹೆಸರೂ ಇಲ್ಲ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ಸೇನಾನಿ. ನೀನು ರಾಜನಾಗ್ತೀಯ ಅಂತ ಮೂವರು ಮಾಟಗಾತಿಯರು ಅವನಿಗೆ ಹೇಳುತ್ತಾರೆ. ಅವನು ಹೆಂಡತಿಗೆ ಕಾಗದ ಬರೆಯುತ್ತಾನೆ. ರಾಜ ಇವತ್ತೇ ನಮ್ಮನೆಗೆ ಬರ್ತಿದ್ದಾನೆ ಅನ್ನುವ ಸುದ್ದಿ ಬೆನ್ನಿಗೇ ಬರುತ್ತದೆ. ಗಂಡ ಹೆಂಡತಿ ಸೇರಿ ಆ ರಾತ್ರಿ ರಾಜನನ್ನು ಮುಗಿಸುತ್ತಾರೆ. ಅಲ್ಲಿಂದ ಮುಂದೆ ಒಂದರ ಮೇಲೊಂದು ಹೆಣ.

ಕೊಪ್ಪದಲ್ಲಿ ಆಡಿದ ರೀತಿ

ಆರನೇ ದೃಶ್ಯಕ್ಕೆ ಪರದೆ ಸರಿದಾಗ ವೇದಿಕೆ ಪೂರ್ತಿ ಕೆಂಪು ಬೆಳಕು. ಕೀಬೋರ್ಡಿನಲ್ಲಿ ಗುಂಯ್ ಅನ್ನುವ ಒಂದೇ ಸ್ವರ. ಹಿಂದಿನ ಗೋಡೆಯಲ್ಲಿ ಎರಡು ತಲೆಬುರುಡೆ. ಲೇಡಿ ಮ್ಯಾಕ್‌ಬೆತ್‌ಗೆ ಕಪ್ಪು ಉಡುಪು, ಕಣ್ಣಿಗೆ ದಪ್ಪ ಕಾಡಿಗೆ. ಅವಳು ರಾಜನಿಗೆ ಬಗ್ಗಿ ನಮಸ್ಕಾರ ಮಾಡುತ್ತಾಳೆ, ತಲೆ ಎತ್ತುವಾಗ ನಮ್ಮ ಕಡೆ ತಿರುಗಿ ಅರೆನಗು ನಗುತ್ತಾಳೆ. ಡಂಕನ್ “ಕೈ ಕೊಡಮ್ಮ” ಅಂದಾಗ ಕೈ ಕೊಟ್ಟು, ಹುಬ್ಬು ಹಾರಿಸಿ ಮತ್ತೆ ನಮ್ಮನ್ನು ನೋಡುತ್ತಾಳೆ.

ಇಂಥ ಮನೆ ಮುಂದೆ ನಿಂತು ಗಾಳಿ ಹಿತವಾಗಿದೆ ಅನ್ನುವವನು ಕುರುಡನಿರಬೇಕು, ಇಲ್ಲಾಂದ್ರೆ ದಡ್ಡನಿರಬೇಕು. ಪ್ರೇಕ್ಷಕರು ದಡ್ಡ ಅಂತ ತೀರ್ಮಾನ ಮಾಡಿದರು. ಅವರ ಕಣ್ಣಿಗೆ ಕಂಡಿದ್ದಕ್ಕೆ ಅದು ನ್ಯಾಯವಾದ ತೀರ್ಮಾನ. ದಡ್ಡ ಸತ್ತರೆ ಯಾರು ಅಳ್ತಾರೆ?

ನಿರ್ದೇಶಕರ ವಾದವೂ ತಳ್ಳಿಹಾಕುವಂಥದ್ದಲ್ಲ. “ನಮ್ಮ ಪ್ರೇಕ್ಷಕರು ಶೇಕ್ಸ್‌ಪಿಯರ್ ಓದಿಕೊಂಡು ಬಂದವರಲ್ಲ. ಇವಳು ನಾಟಕ ಮಾಡ್ತಿದ್ದಾಳೆ ಅಂತ ತೋರಿಸದಿದ್ದರೆ ಗೊತ್ತಾಗೋದು ಹೇಗೆ? ಯಕ್ಷಗಾನ ನೋಡಿದ ಜನ. ರಕ್ಕಸ ಅಂದ್ರೆ ರಕ್ಕಸನ ಹಾಗೆ ಕಾಣಬೇಕು.”

ಇದಕ್ಕೆ ಉತ್ತರ ಕೊಟ್ಟವರು ನಾನಲ್ಲ, ಡಂಕನ್ ಪಾತ್ರ ಮಾಡುತ್ತಿದ್ದ ಹಿರಿಯರು. ಶೃಂಗೇರಿ ಕಡೆಯವರು, ವಯಸ್ಸಿನಲ್ಲಿ ತಾವೂ ವೇಷ ಕಟ್ಟಿದವರು. ಅವರು ಪಂಚವಟಿ ಪ್ರಸಂಗ ತೆಗೆದರು. ಶೂರ್ಪನಖಿ ರಾಮನ ಮುಂದೆ ಬರುವುದು ಮಾಯಾ ಶೂರ್ಪನಖಿಯಾಗಿ. ಅದು ಸ್ತ್ರೀವೇಷ. ಅವಳ ನಿಜರೂಪ ಘೋರ ಶೂರ್ಪನಖಿ, ಅದು ಬಣ್ಣದ ವೇಷ, ಅಂದರೆ ಮುಖಕ್ಕೆ ದಪ್ಪ ಬಣ್ಣ ಬಳಿದ ರಕ್ಕಸ ವೇಷ. ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆ ಕಲಾವಿದರು ಮಾಡುತ್ತಾರೆ. “ಮಾಯಾ ಶೂರ್ಪನಖಿ ಮಾಡುವವನು ಪೂರ್ತಿ ಚೆಂದದ ಹೆಣ್ಣಾಗೇ ಕುಣೀತಾನೆ. ನಡುನಡುವೆ ಕೋರೆಹಲ್ಲು ತೋರಿಸ್ತಾನಾ? ರಕ್ಕಸಿ ಅಂತ ನೋಡುವವರಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಆ ಚೆಂದ ನೋಡ್ತಾ ಕೂರೋದೇ ಅಲ್ಲಿಯ ಮಜಾ.”

ತಾಲೀಮಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಕ್ಷಗಾನದ ಹೆಸರಲ್ಲಿ ನಿರ್ದೇಶಕರು ಕೇಳುತ್ತಿದ್ದದ್ದನ್ನು ಯಕ್ಷಗಾನವೇ ಮಾಡುವುದಿಲ್ಲ. ಶೇಕ್ಸ್‌ಪಿಯರ್‌ನಲ್ಲಿ ಕಷ್ಟ ಇನ್ನೂ ಒಂದು ಹೆಜ್ಜೆ ಜಾಸ್ತಿ. ಇಲ್ಲಿ ವೇಷ ಬದಲಾಯಿಸೋಕೆ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗುವ ಹಾಗಿಲ್ಲ. ಮಾಯೆಯೂ ಘೋರವೂ ಒಂದೇ ಮುಖದಲ್ಲಿ ಇರಬೇಕು.

ಪಠ್ಯ ಏನು ಕೇಳುತ್ತದೆ

ನಾಲ್ಕನೇ ದೃಶ್ಯದಿಂದ ನೋಡಬೇಕು. ಡಂಕನ್‌ಗೆ ಆಗಲೇ ಒಬ್ಬ ಮೋಸ ಮಾಡಿ ಆಗಿದೆ. ಕಾಡರ್‌ನ ಸಾಮಂತ ದ್ರೋಹಿಯಾಗಿ ತಲೆ ಕೊಟ್ಟಿದ್ದಾನೆ. ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಯಾವುದೂ ಇಲ್ಲ, ಅವನ ಮೇಲೆ ನಾನು ಪೂರ್ತಿ ನಂಬಿಕೆ ಇಟ್ಟಿದ್ದೆ, ಅನ್ನುತ್ತಾನೆ ರಾಜ. ಅದೇ ಉಸಿರಿನಲ್ಲಿ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ರಾಜ ಅವನ ಕಡೆ ತಿರುಗಿ ಬಾಯಿ ತುಂಬ ಹೊಗಳುತ್ತಾನೆ. ಕೊಪ್ಪದ ಪ್ರದರ್ಶನದಲ್ಲಿ ಈ ಎರಡರ ನಡುವೆ ‘ಢಂ’ ಅಂತ ಒಂದು ಸದ್ದು ಹಾಕಿದ್ದರು. ನಾಟಕಕಾರ ಪ್ರವೇಶದಲ್ಲೇ ಮಾಡಿಟ್ಟ ಕೆಲಸವನ್ನು ಆ ಸದ್ದು ಕಿತ್ತುಕೊಂಡಿತ್ತು. ತೆಗೆಸಿದೆವು.

ಈ ಸಾಲಿನಿಂದ ಡಂಕನ್ ಬಗ್ಗೆ ಒಂದು ವಿಷಯ ಗೊತ್ತಾಗುತ್ತದೆ. ಮುಖ ಮೋಸ ಮಾಡುತ್ತದೆ ಅನ್ನುವುದು ಅವನಿಗೆ ತಿಳಿದಿದೆ. ತಿಳಿದೂ ನಂಬುತ್ತಾನೆ. ನಂಬದೆ ರಾಜ್ಯ ನಡೆಸೋಕೆ ಆಗುತ್ತಾ? ಹಾಗಾಗಿ ಅವನನ್ನು ಪೆದ್ದನಂತೆ ಆಡುವುದು ಪಠ್ಯಕ್ಕೇ ವಿರುದ್ಧ.

ಐದನೇ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್ ಎಲ್ಲವನ್ನೂ ಬಿಚ್ಚಿ ಹೇಳುತ್ತಾಳೆ. ನನ್ನ ಗೋಡೆಗಳ ಒಳಗೆ ಡಂಕನ್ ಬರುವುದನ್ನು ಕೂಗಿ ಕೂಗಿ ಕಾಡುಕಾಗೆಯ ಗಂಟಲೇ ಕಟ್ಟಿದೆ ಅನ್ನುತ್ತಾಳೆ. ಗಂಡನಿಗೆ, ನಿನ್ನ ಮುಖ ಪುಸ್ತಕದ ಹಾಗಿದೆ, ಯಾರು ಬೇಕಾದರೂ ಓದಬಹುದು ಅಂತ ಬೈಯುತ್ತಾಳೆ. ನೋಡೋಕೆ ಮುಗ್ಧ ಹೂವಾಗಿರು, ಅದರಡಿಯ ಹಾವಾಗಿರು ಅಂತ ಪಾಠ ಹೇಳಿಕೊಡುತ್ತಾಳೆ. ಇದನ್ನೆಲ್ಲ ನಾವು ಕೇಳಿದ್ದೇವೆ. ಮುಂದಿನ ದೃಶ್ಯದಲ್ಲಿ ಮತ್ತೆ ಕಣ್ಸನ್ನೆ ಮಾಡಿ ನೆನಪಿಸುವುದು ಯಾಕೆ?

ಆರನೇ ದೃಶ್ಯ ಸುಮಾರು ಮೂವತ್ತು ಸಾಲು, ಅಷ್ಟೇ. ಡಂಕನ್ ಗಾಳಿಯನ್ನು ಹೊಗಳುತ್ತಾನೆ. ಜೊತೆಗಿದ್ದ ಇನ್ನೊಬ್ಬ ಸೇನಾನಿ ಬ್ಯಾಂಕೋ ಅದಕ್ಕೆ ದನಿಗೂಡಿಸಿ ಒಂದು ಹಕ್ಕಿಯ ಮಾತೆತ್ತುತ್ತಾನೆ. ಬೇಸಿಗೆಯ ಅತಿಥಿ, ಗುಡಿಗಳಲ್ಲಿ ಗೂಡು ಕಟ್ಟುವ ಹಕ್ಕಿ, ಈ ಕೋಟೆಯ ಮೂಲೆ ಮೂಲೆಯಲ್ಲೂ ಗೂಡು ಮಾಡಿದೆ, ಅದು ಮರಿ ಮಾಡುವ ಕಡೆ ಗಾಳಿ ಚೆನ್ನಾಗಿರುತ್ತೆ ಅನ್ನುತ್ತಾನೆ. ಕೊಪ್ಪದಲ್ಲಿ ಈ ಮಾತನ್ನು ಸುಮ್ನೆ ವರ್ಣನೆ ಅಂತ ಕತ್ತರಿಸಿದ್ದರು. ನನ್ನ ಪ್ರಕಾರ ನಾಟಕ ಎಡವಿದ್ದು ಅಲ್ಲೇ. ಒಂದೇ ಕೋಟೆ. ಅವಳಿಗೆ ಕೇಳಿದ್ದು ಕಾಡುಕಾಗೆ. ಬ್ಯಾಂಕೋಗೆ ಕಂಡಿದ್ದು ಕವಲುತೋಕೆ ಹಕ್ಕಿ. ಗೂಡುಗಳು ಅಲ್ಲಿ ನಿಜವಾಗಿಯೂ ಇವೆ. ಗಾಳಿ ನಿಜವಾಗಿಯೂ ಚೆನ್ನಾಗಿದೆ. ಬ್ಯಾಂಕೋ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಇಡೀ ನಾಟಕದ ಗುಟ್ಟು ಇದೇ ಅಂತ ನನಗನ್ನಿಸುತ್ತದೆ. ಇಲ್ಲಿ ಜನ ಮೋಸ ಹೋಗುವುದು ನಿಜವನ್ನು ನಂಬಿ. ಮಾಟಗಾತಿಯರನ್ನೇ ತಗೊಳ್ಳಿ. ಅವರು ಹೇಳಿದ್ದು ಯಾವುದೂ ಹುಸಿಯಾಗುವುದಿಲ್ಲ. ಬರ್ನಮ್ ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ ಅನ್ನುತ್ತಾರೆ. ಸೈನಿಕರು ಅದೇ ಕಾಡಿನ ಕೊಂಬೆ ಕಡಿದು ಅಡ್ಡ ಹಿಡಿದುಕೊಂಡು ಬರುತ್ತಾರೆ. ಹೆಣ್ಣೊಬ್ಬಳು ಹೆತ್ತ ಯಾವ ಮನುಷ್ಯನೂ ನಿನ್ನನ್ನು ಕೊಲ್ಲಲಾರ ಅನ್ನುತ್ತಾರೆ. ಕೊನೆಗೆ ಅವನನ್ನು ಕೊಲ್ಲುವ ಸಾಮಂತ ಮ್ಯಾಕ್‌ಡಫ್‌ನನ್ನು ದಿನ ತುಂಬುವ ಮುಂಚೆ ತಾಯಿಯ ಹೊಟ್ಟೆ ಸೀಳಿ ತೆಗೆದಿರುತ್ತಾರೆ. ನಾಟಕ ಬರೆದದ್ದು ಸುಮಾರು 1606ರಲ್ಲಿ. ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಅಡಿಯಲ್ಲಿ ಮದ್ದಿನ ಪುಡಿ ಇಟ್ಟು ರಾಜನನ್ನು ಉಡಾಯಿಸುವ ಸಂಚು ಬಯಲಾಗಿತ್ತು. 1606ರಲ್ಲಿ ಆ ಪ್ರಕರಣದಲ್ಲಿ ಹೆನ್ರಿ ಗಾರ್ನೆಟ್ ಎಂಬ ಪಾದ್ರಿಯ ವಿಚಾರಣೆ ನಡೆಯಿತು. ಸುಳ್ಳು ಹೇಳದೇ ದಾರಿ ತಪ್ಪಿಸುವ ಎರಡರ್ಥದ ಮಾತು ಸರಿಯೋ ತಪ್ಪೋ ಅನ್ನುವುದು ಆಗ ದೊಡ್ಡ ಚರ್ಚೆ. ಕೊಲೆಯಾದ ಬೆಳಿಗ್ಗೆ ಬಾಗಿಲು ಕಾಯುವ ಕುಡುಕ ಅಂಥ ಮಾತುಗಾರನನ್ನೇ ಗೇಲಿ ಮಾಡುತ್ತಾನೆ.

ಇನ್ನು ಬೆಳಕಿನ ವಿಚಾರ. 1611ರಲ್ಲಿ ಸೈಮನ್ ಫೋರ್ಮನ್ ಅನ್ನುವವನು ಗ್ಲೋಬ್ ರಂಗಮಂದಿರದಲ್ಲಿ ಈ ನಾಟಕ ನೋಡಿ ಟಿಪ್ಪಣಿ ಬರೆದಿಟ್ಟಿದ್ದಾನೆ. ಗ್ಲೋಬ್ ಬಯಲು ರಂಗಮಂದಿರ, ಆಟ ಮಧ್ಯಾಹ್ನದ ಹಗಲಲ್ಲಿ. ಕೊಲೆಯ ದೃಶ್ಯಕ್ಕೂ ಅದೇ ಬಿಸಿಲು, ಸ್ವಾಗತದ ದೃಶ್ಯಕ್ಕೂ ಅದೇ ಬಿಸಿಲು. ಕೆಂಪು ಬೆಳಕಿನ ಸೌಕರ್ಯ ಅವರಿಗೆ ಇರಲಿಲ್ಲ. ಎಲ್ಲವೂ ಮಾತಿನಲ್ಲಿ ಆಗಬೇಕಿತ್ತು. ಆ ಮಾತು ಹಿತವಾಗಿದೆ ಅನ್ನುವಾಗ ನಾವು ಬಲ್ಬು ಹಾಕಿ ಇಲ್ಲ ಅನ್ನುವುದು ಸರಿಯಾ?

1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಸಂಗ್ರಹ, ಅಂದರೆ ಫೋಲಿಯೋ ಪ್ರತಿಯಲ್ಲಿ ಈ ದೃಶ್ಯದ ತಲೆಗೆ ಒಂದು ರಂಗಸೂಚನೆ ಇದೆ. ಓಬೋದ ಪೂರ್ವಜರಾದ ಊದುವಾದ್ಯಗಳು, ಪಂಜುಗಳು. ಅದು ಜೋಡಿ ರೀಡಿನ ವಾದ್ಯ, ಅಂದರೆ ಊದುವ ತುದಿಯಲ್ಲಿ ಎರಡು ತೆಳು ಪಟ್ಟಿ ಇರುವಂಥದ್ದು. ನಮ್ಮ ನಾಗಸ್ವರವೂ ಜೋಡಿ ರೀಡಿನದೇ. ಇದನ್ನು ಹೇಳಿದಾಗ ನಿರ್ದೇಶಕರ ಮುಖ ಅರಳಿತು. ಕೀಬೋರ್ಡ್ ಹೋಯಿತು, ಓಲಗ ಬಂತು.

ಬದಲಾವಣೆಗಳು

ಓಲಗ ಬಂದ ಮೇಲೆ ಉಳಿದದ್ದು ತಾನಾಗಿ ಬಂತು. ತಲೆಬುರುಡೆ ಇಳಿಯಿತು. ಕೆಂಪು ಹೋಗಿ ಸಂಜೆಯ ಹಳದಿ ಬೆಳಕು ಬಂತು. ಕೋಟೆಯ ಬಾಗಿಲಿಗೆ ತೋಟದ ಬಂಗಲೆಯ ಜಗಲಿಯ ಕಳೆ ಕೊಟ್ಟರು. ಮೂರು ಮೆಟ್ಟಿಲು, ಎರಡು ಕಂಬ, ಕುಂಡದಲ್ಲಿ ಹೂವು. ಸೂರಿನ ಅಡಿಯಲ್ಲಿ ಮಣ್ಣಿನ ಗೂಡು ಮಾಡಿ ಅಂಟಿಸಿದರು. ಹಿಂದಿನ ಸಾಲಿಗೆ ಅದು ಕಾಣುವುದಿಲ್ಲ. ಬ್ಯಾಂಕೋ ಮಾಡುವ ಹುಡುಗನಿಗೆ ಕಂಡರೆ ಸಾಕು.

ಮಲೆನಾಡಿನಲ್ಲಿ ಅತಿಥಿ ಬಂದರೆ ಕಾಲಿಗೆ ನೀರು, ಕುಡಿಯೋಕೆ ಬೆಲ್ಲ ನೀರು. ಲೇಡಿ ಮ್ಯಾಕ್‌ಬೆತ್ ಕೈಗೆ ಒಂದು ಹಿತ್ತಾಳೆ ಚೊಂಬು ಕೊಟ್ಟರು. ಸ್ಕಾಟ್ಲೆಂಡಿನವರು ಬೆಲ್ಲ ಕೊಡ್ತಾರಾ ಅಂತ ತಂಡದಲ್ಲೇ ಒಬ್ಬರು ಕೇಳಿದರು. ಕನ್ನಡ ಮಾತಾಡ್ತಾರಲ್ಲ, ಬೆಲ್ಲನೂ ಕೊಡಲಿ ಬಿಡಿ. ‘ಪ್ರತಾಪರುದ್ರದೇವ’ ಅನ್ನುವ ಹೆಸರಿನಲ್ಲಿ ಶ್ರೀಕಂಠೇಶಗೌಡರು ಈ ನಾಟಕವನ್ನು ಕನ್ನಡದ ಮಣ್ಣಿಗೆ ತಂದು ನೂರು ವರ್ಷದ ಮೇಲಾಯಿತು.

ಕಷ್ಟವಾದದ್ದು ನಟಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಚುರುಕು. ಅರೆನಗು ಬಿಡು ಅಂದರೆ ಬಿಟ್ಟಳು. ಆದರೆ ಅದರ ಜಾಗದಲ್ಲಿ ಏನಿಡಬೇಕು ಅಂತ ತಿಳಿಯಲಿಲ್ಲ. ಖಾಲಿ ಮುಖ ಇಟ್ಟುಕೊಂಡರೆ ಇನ್ನೂ ಅನುಮಾನ ಬರುತ್ತದೆ. “ಒಳಗೆ ಕೊಲೆ ಇಟ್ಕೊಂಡು ಹೊರಗೆ ಪ್ರೀತಿ ತೋರಿಸು ಅಂದ್ರೆ ಸುಳ್ಳೇ ಆಗುತ್ತಲ್ಲ ಸಾರ್” ಅಂದಳು.

ಅವಳಿಗೆ ಎರಡನೇ ಅಂಕದ ಒಂದು ಸಾಲು ತೋರಿಸಿದೆ. ಕೊಲೆಯ ಹೊತ್ತಿನಲ್ಲಿ ಹೊರಗೆ ಕಾಯುತ್ತಾ ಲೇಡಿ ಮ್ಯಾಕ್‌ಬೆತ್ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ: ನಿದ್ದೆಯಲ್ಲಿ ಅವನು ನಮ್ಮಪ್ಪನ ಹಾಗೆ ಕಾಣದೇ ಇದ್ದಿದ್ದರೆ ನಾನೇ ಮುಗಿಸಿರುತ್ತಿದ್ದೆ. ಅಂದರೆ ಆ ಮುದುಕನಲ್ಲಿ ಅವಳಿಗೆ ಅಪ್ಪ ಕಂಡಿದ್ದಾನೆ. ಅದು ರಾತ್ರಿ ಮಾತ್ರ ಕಾಣಬೇಕು ಅಂತ ಏನಿಲ್ಲ. ಸಂಜೆ ಕೈ ಹಿಡಿದು ಮೆಟ್ಟಿಲು ಹತ್ತಿಸುವಾಗಲೇ ಕಂಡಿರಬಹುದು. ಹಾಗಾದರೆ ಆ ಉಪಚಾರ ಪೂರ್ತಿ ಸುಳ್ಳಲ್ಲ. ಕೊಲ್ಲಬೇಕು ಅನ್ನುವುದೂ ನಿಜ, ಮುದುಕ ಎಡವಬಾರದು ಅನ್ನುವುದೂ ನಿಜ.

ಮುಂದಿನ ತಾಲೀಮಿನಲ್ಲಿ ಅವಳು ಮಾಡಿದ್ದು ಇಷ್ಟು. ಡಂಕನ್ “ಕೈ ಕೊಡಮ್ಮ” ಅಂದ. ಅವಳು ಚೊಂಬನ್ನು ಎಡಗೈಗೆ ಬದಲಾಯಿಸಿದಳು. ಬಲಗೈ ಒದ್ದೆಯಾಗಿತ್ತು, ಸೆರಗಿಗೆ ಒರೆಸಿಕೊಂಡು ಕೊಟ್ಟಳು. ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಎರಡನೇ ಮೆಟ್ಟಿಲಲ್ಲಿ ಅವನು ತಡೆದಾಗ ಇನ್ನೊಂದು ಕೈಯನ್ನೂ ಮೊಣಕೈ ಅಡಿಗೆ ಕೊಟ್ಟಳು. ಚೊಂಬಿನಿಂದ ಸ್ವಲ್ಪ ನೀರು ಚೆಲ್ಲಿತು. ಒಂದು ಸಲವೂ ನಮ್ಮ ಕಡೆ ತಿರುಗಲಿಲ್ಲ. ಒರೆಸಿಕೊಂಡದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಿರ್ದೇಶಕರು ಇದನ್ನು ಹೀಗೇ ಇಡಿ, ಮುಟ್ಟಬೇಡಿ ಅಂದರು.

ಆ ಚೊಂಬು ಎರಡನೇ ಅಂಕಕ್ಕೂ ಹೋಯಿತು. ಕೊಲೆಯಾದ ಮೇಲೆ ಗಂಡನಿಗೆ ‘ಸ್ವಲ್ಪ ನೀರು ಸಾಕು, ಎಲ್ಲ ತೊಳೆದು ಹೋಗುತ್ತೆ’ ಅನ್ನುವಾಗ ಅದೇ ಚೊಂಬು. ಐದನೇ ಅಂಕದಲ್ಲಿ ನಿದ್ದೆಗಣ್ಣಲ್ಲಿ ಕೈ ತೊಳೆಯುವಾಗಲೂ ಇಡೋಣ ಅಂತ ನಿರ್ದೇಶಕರು ಹೇಳಿದರು. ನಾನು ಬೇಡ ಅಂದೆ. ಅಲ್ಲಿ ನೀರಿಲ್ಲದೆ ತೊಳೆಯುವುದೇ ಭಯಂಕರ. ಈ ವಿಷಯಕ್ಕೆ ಜಗಳವೇ ಆಯಿತು. ಕೊನೆಗೆ ನಟಿಯೇ ಚೊಂಬು ಬೇಡ ಅಂದಳು.

ಒಂದು ಇತಿಹಾಸದ ಮಾತು ಇಲ್ಲಿಗೆ ಸೇರುತ್ತದೆ. ನಿಜವಾದ ಡಂಕನ್ ಸತ್ತದ್ದು 1040ರಲ್ಲಿ, ಯುದ್ಧದಲ್ಲಿ. ಹಾಸಿಗೆಯಲ್ಲಲ್ಲ, ಅತಿಥಿಯಾಗಿಯೂ ಅಲ್ಲ. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡದ್ದು ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಿಂದ. ಅದರಲ್ಲೇ ಬೇರೆ ಕಡೆ ಡಫ್ ಅನ್ನುವ ಇನ್ನೊಬ್ಬ ರಾಜನ ಕಥೆ ಇದೆ. ಅವನನ್ನು ಡಾನ್‌ವಾಲ್ಡ್ ಅನ್ನುವವನು ಹೆಂಡತಿಯ ಮಾತು ಕೇಳಿ ತಾನಿದ್ದ ಕೋಟೆಯಲ್ಲೇ ಕೊಲ್ಲಿಸುತ್ತಾನೆ. ಶೇಕ್ಸ್‌ಪಿಯರ್ ಎರಡನ್ನೂ ಬೆಸೆದ. ಬೇಕಂತಲೇ ಕೊಲೆಯನ್ನು ಮನೆಯೊಳಗೆ ತಂದ. ಏಳನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ತಾನೇ ಹೇಳುತ್ತಾನೆ: ನಾನು ಅವನ ನೆಂಟ, ಪ್ರಜೆ, ಮೇಲಾಗಿ ಮನೆಯ ಯಜಮಾನ, ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು. ಉಪಚಾರ ಚೆನ್ನಾಗಿ ಕಾಣದಿದ್ದರೆ ಈ ಮಾತಿಗೆ ತೂಕವೇ ಬರುವುದಿಲ್ಲ.

ಎರಡನೇ ಪ್ರದರ್ಶನ

ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ. ಓಲಗ ಶುರುವಾದಾಗ ಜನ ನೆಟ್ಟಗೆ ಕೂತರು. ಡಂಕನ್ ಗಾಳಿಯ ಮಾತಾಡಿದ, ಯಾರೂ ನಗಲಿಲ್ಲ. ಬ್ಯಾಂಕೋ ಗೂಡು ತೋರಿಸಿದಾಗ ಮುಂದಿನ ಸಾಲಿನ ಮಕ್ಕಳು ತಲೆ ಎತ್ತಿ ನೋಡಿದರು. ಮೆಟ್ಟಿಲ ಹತ್ತಿರ, ಅವಳು ಮೊಣಕೈ ಹಿಡಿದಾಗ, ಎಡಗಡೆಯಿಂದ ಒಬ್ಬ ಹೆಂಗಸಿನ ದನಿ ಸ್ಪಷ್ಟವಾಗಿ ಕೇಳಿತು: “ಅಯ್ಯೋ, ಪಾಪ.” ಕೊಲೆ ಆಗೋಕೆ ಇನ್ನೂ ಎರಡು ದೃಶ್ಯ ಬಾಕಿ ಇತ್ತು.

ಒಂದು ಪ್ರದರ್ಶನದಿಂದ ಏನೂ ಸಾಬೀತಾಗಲ್ಲ, ಒಪ್ಪುತ್ತೇನೆ. ಊರು ಬೇರೆ, ಜನ ಬೇರೆ, ನಟರಿಗೂ ಕೈ ಪಳಗಿತ್ತು. ಆದರೂ ಡಂಕನ್ ಮಾತಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ ಅನ್ನುವುದನ್ನು ಗಮನಿಸಬೇಕು. ಅದೇ ಸಾಲು, ಅದೇ ನಟ.

ನಗು ಬೇರೆ ಕಡೆ ಬಂತು. ಕೊಲೆಯಾದ ಬೆಳಿಗ್ಗೆ ಲೆನಾಕ್ಸ್ ಅನ್ನುವ ಸಾಮಂತ ರಾತ್ರಿಯ ಬಿರುಗಾಳಿ ವರ್ಣಿಸುತ್ತಾನೆ. ಹೊಗೆಗೂಡುಗಳು ಉರುಳಿದವು, ಗಾಳಿಯಲ್ಲಿ ಗೋಳಾಟ ಕೇಳಿತು, ಭೂಮಿಯೇ ನಡುಗಿತಂತೆ ಅಂತ ಉದ್ದಕ್ಕೆ ಹೇಳುತ್ತಾನೆ. ಮ್ಯಾಕ್‌ಬೆತ್ “ಹೂಂ, ರಾತ್ರಿ ಸ್ವಲ್ಪ ಬಿರುಸಾಗೇ ಇತ್ತು” ಅನ್ನುತ್ತಾನೆ. ಜನ ಜೋರಾಗಿ ನಕ್ಕರು. ಮಧ್ಯಂತರದಲ್ಲಿ ನಿರ್ದೇಶಕರು ಬೆವರು ಒರೆಸಿಕೊಳ್ಳುತ್ತಿದ್ದರು. ಗಾಬರಿ ಬೇಡ ಅಂದೆ. ಕೊಪ್ಪದಲ್ಲಿ ಜನ ನಕ್ಕಿದ್ದು ಮೋಸ ಹೋದವನನ್ನು ನೋಡಿ. ಇಲ್ಲಿ ನಕ್ಕಿದ್ದು ಮೋಸ ಮಾಡಿದವನ ಪರದಾಟ ನೋಡಿ. ಹೆಂಡತಿ ಬೈದ ಹಾಗೆ ಇವನ ಮುಖ ಪುಸ್ತಕವೇ. ಸುಳ್ಳು ಉದ್ದವಾದರೆ ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದು ಚುಟುಕಾಗಿ ಮುಗಿಸುತ್ತಾನೆ. ಆ ನಗು ಅಡಗುವ ಮುಂಚೆಯೇ ಮ್ಯಾಕ್‌ಡಫ್ ಚೀರಿಕೊಂಡು ಹೊರಗೆ ಬಂದ. ಸಭಾಂಗಣ ಒಮ್ಮೆಲೇ ಸ್ತಬ್ಧವಾಯಿತು.

ಇನ್ನೂ ಬಗೆಹರಿಯದ ಎರಡು

ಕೊಲೆ ಬಯಲಾದ ಕೂಡಲೇ ಲೇಡಿ ಮ್ಯಾಕ್‌ಬೆತ್ ಬವಳಿ ಬಂದು ಬೀಳುತ್ತಾಳೆ. ನಿಜವಾದ ಬವಳಿಯಾ, ಗಂಡ ಜಾಸ್ತಿ ಮಾತಾಡುತ್ತಿದ್ದಾನೆ ಅಂತ ಜನರ ಗಮನ ಬೇರೆ ಕಡೆ ತಿರುಗಿಸುವ ಉಪಾಯವಾ? ಹಳೆಯ ಜಗಳ ಇದು, ಪಠ್ಯ ಎರಡಕ್ಕೂ ಜಾಗ ಬಿಡುತ್ತದೆ. ನಟಿ ನಿಜ ಅನ್ನುತ್ತಾಳೆ. ನಿರ್ದೇಶಕರು ಉಪಾಯ ಅನ್ನುತ್ತಾರೆ. ಚಿಕ್ಕಮಗಳೂರಿನಲ್ಲಿ ಅವಳು ತನ್ನ ಪ್ರಕಾರವೇ ಬಿದ್ದಳು. ಬೀಳುವ ಮುಂಚೆ ಒಂದು ಕ್ಷಣ ಗಂಡನನ್ನು ನೋಡಿದಳು. ಆ ನೋಟದಿಂದ ಇಬ್ಬರ ವಾದಕ್ಕೂ ಸಾಕ್ಷಿ ಸಿಕ್ಕಿತು. ಹಾಗೇ ಇರಲಿ ಅಂತ ನನ್ನ ಅಭಿಪ್ರಾಯ.

ಎರಡನೆಯದು ನಾಲ್ಕನೇ ಅಂಕದ ಮೂರನೇ ದೃಶ್ಯ. ಉದ್ದ ಅಂತ ಹವ್ಯಾಸಿ ತಂಡಗಳು ಮೊದಲು ಕತ್ತರಿ ಹಾಕುವುದು ಇದಕ್ಕೇ. ಡಂಕನ್‌ನ ಮಗ ಮಾಲ್ಕಮ್ ಇಂಗ್ಲೆಂಡಿನಲ್ಲಿ ಇದ್ದಾನೆ. ಮ್ಯಾಕ್‌ಡಫ್ ಸಹಾಯ ಕೇಳಿಕೊಂಡು ಬಂದಿದ್ದಾನೆ. ಮಾಲ್ಕಮ್ ಅವನನ್ನು ನಂಬುವುದಿಲ್ಲ. ಪರೀಕ್ಷೆ ಮಾಡೋಕೆ ತಾನು ಲಂಪಟ, ದುರಾಸೆಯವನು, ಮ್ಯಾಕ್‌ಬೆತ್‌ಗಿಂತ ಕೆಟ್ಟವನು ಅಂತ ಸುಳ್ಳು ಸುಳ್ಳೇ ಹೇಳಿಕೊಳ್ಳುತ್ತಾನೆ. ಮ್ಯಾಕ್‌ಡಫ್ ಅತ್ತು ಹೊರಟು ನಿಂತಾಗ ನಿಜ ಹೇಳುತ್ತಾನೆ. ಅಪ್ಪ ಮುಖ ನಂಬಿ ಸತ್ತ. ಮಗ ಒಳ್ಳೆಯವನಾಗಿದ್ದೂ ಕೆಟ್ಟ ಮುಖ ಹಾಕಿಕೊಂಡು ಬದುಕುತ್ತಾನೆ. ಎಲ್ಲ ಕೆಟ್ಟದ್ದೂ ಒಳ್ಳೆಯದರ ಮುಖ ತೊಟ್ಟುಕೊಂಡು ಬಂದರೂ ಒಳ್ಳೆಯದು ತನ್ನ ಮುಖದಲ್ಲೇ ಇರಬೇಕಲ್ಲ ಅನ್ನುವ ಅರ್ಥದ ಮಾತು ಬರುವುದೂ ಇಲ್ಲೇ, ಮಾಲ್ಕಮ್ ಬಾಯಲ್ಲೇ. ಆರನೇ ದೃಶ್ಯದಲ್ಲಿ ನಾವು ಪಟ್ಟ ಪಾಡಿಗೆಲ್ಲ ನಾಟಕ ಇಲ್ಲಿ ಉತ್ತರ ಬರೆದಿದೆ.

ಕಲಾಮಂದಿರದಲ್ಲಿ ಇದನ್ನು ಅರ್ಧ ಇಟ್ಟು ಆಡಿದರು. ಜನ ಚಡಪಡಿಸಿದರು, ಒಂದಿಬ್ಬರು ಎದ್ದು ಹೋದರು. ಇಬ್ಬರೇ ನಿಂತು ಉದ್ದುದ್ದ ಮಾತಾಡುವ ದೃಶ್ಯ, ಅಷ್ಟೊತ್ತಿಗೆ ರಾತ್ರಿಯೂ ಆಗಿರುತ್ತದೆ. ಮುಂದಿನ ಪ್ರದರ್ಶನ ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಮಾಡುವ ಯೋಚನೆ ಇದೆ. ಈ ದೃಶ್ಯ ಪೂರ್ತಿ ತೆಗೆಯಿರಿ ಅನ್ನುವವರು ತಂಡದಲ್ಲಿ ಜಾಸ್ತಿ. ಬೇಕಾದರೆ ಮಾಟಗಾತಿಯರ ಒಡತಿ ಹೆಕೇಟಿಯ ದೃಶ್ಯ ಪೂರ್ತಿ ಬಿಡಿ, ಮಾಟಗಾತಿಯರ ಕುಣಿತ ಅರ್ಧ ಮಾಡಿ, ಉಳಿದ ಹೊತ್ತನ್ನು ಮಾಲ್ಕಮ್‌ಗೆ ಕೊಡಿ ಅಂತ ನಾನು ಹೇಳಿದ್ದೇನೆ. ಕುಣಿತಕ್ಕೆ ಚಪ್ಪಾಳೆ ಬೀಳುತ್ತದೆ, ಅದನ್ನು ಹೇಗೆ ಬಿಡೋದು ಅಂತ ನಿರ್ದೇಶಕರು ಯೋಚನೆಯಲ್ಲಿದ್ದಾರೆ.